ಆಚೆ ದಡದಿಂದ ಕರೆಯಬಾರದು

ನಮ್ಮ ಅವ್ವ ಒಲೆಯ ಮೇಲಿಂದ ಬೇಳೆ ಪಾತ್ರೆ ಇಳಿಸುವುದಕ್ಕೆ ಒಂದು ಕೆಂಪು ಬಟ್ಟೆ ಇಟ್ಟುಕೊಂಡಿದ್ದಾಳೆ. ಮೂರು ಮೂಲೆಯದು. ಒಂದು ಮೂಲೆ ಸುಟ್ಟು ಕರಕಲಾಗಿದೆ, ಇನ್ನೊಂದರಲ್ಲಿ ಅರಿಶಿನ. ಮೊನ್ನೆ ಪಕ್ಕದ ಮನೆಯವರು ಉಪ್ಪು ಕೇಳಲು ಬಂದವರು ಅದನ್ನು ನೋಡಿ, "ಏನ್ರಿ ಅಕ್ಕಾರ, ಯಾವ ಪಾರ್ಟಿ ಸೇರೀರಿ?" ಅಂದರು. ಅವ್ವನಿಗೆ ಸಿಟ್ಟು ಬಂತು. ಅದು ಬಾವುಟ ಹೌದು, ಪಕ್ಷದ್ದಲ್ಲ. ಕುದುರೆ ಹಾರುವ ಬೇಲಿಗೆ ಕಟ್ಟುವ ಬಾವುಟ. ಅದರ ಜೋಡಿ ಬಿಳಿಯದೊಂದಿತ್ತು. ಅದು ಹಾಲು ಸೋಸಲು ಹೋಗಿ ಅಲ್ಲೇ ಸವೆದು ಹೋಯಿತು.

"ಕೆಂಪು ಬಲಕ್ಕ, ಬಿಳಿ ಎಡಕ್ಕ, ನಡುವ ನೀನು. ಇಷ್ಟು ತಿಳಿದ್ರ ಅರ್ಧ ಆಟ ತಿಳೀತು." ಇದು ನಮ್ಮ ದೊಡ್ಡಪ್ಪ ಹೇಳುತ್ತಿದ್ದ ಮಾತು. ಇದನ್ನು ಅವನ ದನಿಯಲ್ಲೇ ನಿಮಗೆ ಕೇಳಿಸಬೇಕಿತ್ತು. ಬರವಣಿಗೆಯಲ್ಲಿ ಅದೊಂದು ತೊಂದರೆ. ಇನ್ನೊಂದು ತೊಂದರೆಯನ್ನು ಆಮೇಲೆ ಹೇಳುತ್ತೇನೆ.

ಮೊದಲು ನನ್ನ ಪರಿಚಯ. ಹೊಸಪೇಟೆಯ ಮದುವೆ ಆರ್ಕೆಸ್ಟ್ರಾಗಳಲ್ಲಿ ಹಾಡುವವರು ನೀರು ಕುಡಿಯಲು ಹೋದಾಗ ವೇದಿಕೆಗೆ ನುಗ್ಗುವ ಸಣಕಲನೊಬ್ಬನನ್ನು ನೀವು ನೋಡಿದ್ದರೆ, ಆ ಕೊಟ್ರೇಶ ನಾನೇ. ಕಂಪ್ಲಿ ಬಸ್ಸಿನ ಕಂಡಕ್ಟರ್, ಹಂಪಿಯಲ್ಲಿ ನಾಲ್ಕು ಭಾಷೆಗಳನ್ನು ಒಂದೇ ರಾಗದಲ್ಲಿ ಒದರುವ ಗೈಡು, ಹಿಂದಕ್ಕೆ ಬರುತ್ತಿರುವ ಸಂಡೂರಿನ ಅದಿರು ಲಾರಿ, ನಮ್ಮ ಹೈಸ್ಕೂಲು ಹೆಡ್ ಮಾಸ್ಟರು, ಮೂರನೇ ಸೀಟಿ ಹೊಡೆಯಲು ಮನಸ್ಸಿಲ್ಲದ ಕುಕ್ಕರು, ಎಲ್ಲ ಮಾಡುತ್ತೇನೆ. ನಿನ್ನ ಸ್ವಂತ ದನಿ ಯಾವುದಪ್ಪ ಎಂದು ಯಾರಾದರೂ ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತದೆ. ಅವ್ವ ಹೇಳುವ ಪ್ರಕಾರ ಹುಟ್ಟಿದಾಗಲೂ ನಾನು ಪಕ್ಕದ ಮಂಚದ ಕೂಸು ಅತ್ತ ಹಾಗೆ ಅತ್ತಿದ್ದೆನಂತೆ.

ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ ಪಂಪಾಪತಿ, ಸೈನ್ಯದ ಕುದುರೆ ದಳದಲ್ಲಿದ್ದವನು. ನಿವೃತ್ತನಾಗಿ ಮಲಪನಗುಡಿಗೆ ಬರುವಾಗ ಒಂದು ಟ್ರಂಕು, ಒಂದು ಮೀಸೆ ಮತ್ತು ಕೆಮ್ಮು ತಂದ. ವರ್ಷದೊಳಗೆ ಒಂದು ಕುದುರೆಯನ್ನೂ ತಂದ. ರೇಸಿನಲ್ಲಿ ಓಡಿ ಓಡಿ ಸಾಕಾಗಿ ಹೊರಬಿದ್ದ ಕೆಂಪು ಹೆಣ್ಣು ಕುದುರೆ. ಕಾಗದದಲ್ಲಿ ಅದಕ್ಕೆ ಒಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ದೊಡ್ಡಮ್ಮ ಅದನ್ನು ಒಂದು ಸಲ ಹೇಳಲು ಯತ್ನಿಸಿ, ಕೆಂಚಿ ಎಂದು ಕರೆದು ಮುಗಿಸಿದಳು. ಆಮೇಲೆ ಇನ್ನೆರಡು ಗಿಡ್ಡ ತಟ್ಟು ಕುದುರೆಗಳು ಬಂದವು. ಭಾನುವಾರ ಹೊಸಪೇಟೆಯಿಂದ ಮಕ್ಕಳು ಸವಾರಿ ಕಲಿಯಲು ಬರತೊಡಗಿದರು. ಊರವರಿಗೆ ಇದೆಲ್ಲ ವಿಚಿತ್ರ. ನಮ್ಮ ಕಡೆ ಕುದುರೆ ಎಂದರೆ ಮದುವೆ ಮೆರವಣಿಗೆಯದು, ಇಲ್ಲವೇ ಹಂಪಿಯ ಕಲ್ಲಿನದು.

ಕಲ್ಲಿನ ಕುದುರೆಗಳನ್ನೂ ದೊಡ್ಡಪ್ಪ ಸುಮ್ಮನೆ ಬಿಡುತ್ತಿರಲಿಲ್ಲ. ಒಮ್ಮೆ ನನ್ನನ್ನೂ ಅವನ ಮಗಳು ಗೌರಕ್ಕನನ್ನೂ ಮಹಾನವಮಿ ದಿಬ್ಬಕ್ಕೆ ಕರೆದುಕೊಂಡು ಹೋಗಿ, ಸಾಲಾಗಿ ಕೆತ್ತಿದ ಸವಾರರನ್ನು ಒಬ್ಬೊಬ್ಬರನ್ನಾಗಿ ತಪಾಸಣೆ ಮಾಡಿದ. "ಇವನ ಹಿಮ್ಮಡಿ ನೋಡು, ಮ್ಯಾಲ ಎದ್ದೈತಿ. ಇವ ಲಗಾಮು ಎಳಿಲಾಕ ಹತ್ಯಾನ. ಇವ ಹಿಂದಕ್ಕ ವಾಲ್ಯಾನ, ಮುಂದಿನ ಬೇಲಿಗೆ ಬೀಳ್ತಾನ." ಅಷ್ಟು ವರ್ಷ ಬೀಳದೆ ಕುಳಿತವನನ್ನು ಇವನು ಒಂದು ನಿಮಿಷದಲ್ಲಿ ಬೀಳಿಸಿದ್ದ. ಪಕ್ಕದಲ್ಲಿದ್ದ ಗೈಡು ತನ್ನ ಗಿರಾಕಿಗಳನ್ನು ಮೆಲ್ಲಗೆ ಬೇರೆ ಕಡೆ ಕರೆದೊಯ್ದ.

ಅವನ ತಲೆಯಲ್ಲಿ ಇದ್ದದ್ದು ಇವೆಂಟಿಂಗ್ ಎಂಬ ಒಂದೇ ಆಟ. ಅದೇನೆಂದು ನೀವು ಕೇಳುವ ಮೊದಲೇ ಹೇಳುತ್ತೇನೆ, ಯಾಕೆಂದರೆ ಕೇಳಿದವರಿಗೆಲ್ಲ ಅವನು ಎರಡು ತಾಸು ಹೇಳುತ್ತಿದ್ದ. ಒಂದೇ ಕುದುರೆ, ಒಬ್ಬನೇ ಸವಾರ, ಮೂರು ಪರೀಕ್ಷೆ. ಮೊದಲನೆಯದು ಡ್ರೆಸಾಜ್: ಗೆರೆ ಹಾಕಿದ ಅಂಗಳದಲ್ಲಿ ಕುದುರೆ ಮದುವೆಗೆ ಬಂದ ಹೊಸ ಬೀಗರ ಹಾಗೆ ನಡೆಯಬೇಕು, ತಿರುಗು ಎಂದಲ್ಲಿ ತಿರುಗು, ನಿಲ್ಲು ಎಂದಲ್ಲಿ ನಿಲ್ಲು. ಎರಡನೆಯದು ಕ್ರಾಸ್ ಕಂಟ್ರಿ: ಗುಡ್ಡ, ಗುಂಡಿ, ಮರದ ದಿಮ್ಮಿ, ನೀರು, ಎಲ್ಲವನ್ನೂ ದಾಟುತ್ತ ಓಡಬೇಕು, ಗೊತ್ತುಮಾಡಿದ ಹೊತ್ತಿನೊಳಗೆ. ಮೂರನೆಯದು ಶೋ ಜಂಪಿಂಗ್: ಮುಟ್ಟಿದರೆ ಉರುಳುವ ಬಣ್ಣದ ಕಂಬಗಳ ಮೇಲೆ ಹಾರಬೇಕು. ಅದಕ್ಕೂ ಮುಂಚೆ ಕುದುರೆಯನ್ನು ಜಡ್ಜುಗಳ ಎದುರು ನಡೆಸಿ ಓಡಿಸಿ ತೋರಿಸಬೇಕು, ನಿನ್ನೆಯ ಓಟಕ್ಕೆ ಕುಂಟುತ್ತಿದ್ದರೆ ಮನೆಗೆ.

ಇದರಲ್ಲಿ ಅಂಕ ಅಂದರೆ ತಪ್ಪು. ಯಾರದು ಕಡಿಮೆಯೋ ಅವರು ಗೆದ್ದರು. ನಾನು ಪಿಯುಸಿ ಗಣಿತದಲ್ಲಿ ತೆಗೆದ ಅಂಕಕ್ಕೆ ಈ ಆಟದಲ್ಲಿ ನೇರ ಪದಕ ಸಿಗುತ್ತಿತ್ತು ಎಂದು ನಾನು ಹೇಳಿದಾಗ ದೊಡ್ಡಪ್ಪ, "ನಿನಗ ಓಡು ಅಂದ್ರ ಮೂರು ಸಲ ನಿಂತಿರ್ತಿದ್ದಿ, ಮೊದಲ ಬೇಲಿಗೇ ಹೊರಗ" ಅಂದಿದ್ದ. ಬೇಲಿಯ ಮುಂದೆ ಕುದುರೆ ಒಮ್ಮೆ ನಿಂತರೆ ಇಪ್ಪತ್ತು. ಅದೇ ಬೇಲಿಗೆ ಮತ್ತೆ ನಿಂತರೆ ನಲವತ್ತು. ಮೂರನೇ ಸಲಕ್ಕೆ ಎಲಿಮಿನೇಟ್. ಈ ಕಾನೂನು ನಮ್ಮ ಮನೆಯಲ್ಲಿ ಬಹಳ ದಿನ ಜಾರಿಯಲ್ಲಿತ್ತು. ಅವ್ವ ರೊಟ್ಟಿಗೆ ಕರೆದಾಗ ನಾನು ಹೋಗದಿದ್ದರೆ ಒಳಗಿನಿಂದ "ಇಪ್ಪತ್ತು" ಎಂದು ಕೇಳಿಸುತ್ತಿತ್ತು. ನಲವತ್ತರ ಹೊತ್ತಿಗೆ ಚಪ್ಪಲಿ ಮೆಟ್ಟಿಕೊಂಡು ಓಡುತ್ತಿದ್ದೆ. ಮೂರನೆಯದಕ್ಕೆ ರೊಟ್ಟಿ ನಾಯಿಗೆ ಹೋಗಿರುತ್ತಿತ್ತು.

ನನ್ನ ಸವಾರಿಯ ಮಟ್ಟವನ್ನು ಕೇಳಬೇಡಿ. ಈ ಆಟದಲ್ಲಿ ಮಟ್ಟಗಳಿಗೆ ಸ್ಟಾರ್ ಲೆಕ್ಕ. ಕಲಿಯುವವರ ಸಣ್ಣ ತರಗತಿಗಳು ಕೆಳಗೆ, ಆಮೇಲೆ ಒಂದು ಸ್ಟಾರಿನಿಂದ ಐದರವರೆಗೆ. ಹೊಸಪೇಟೆಯವರು ಸ್ಟಾರ್ ಎಂದರೆ ಹಂಪಿ ನೋಡಲು ಬಂದವರು ಇಳಿಯುವ ಹೋಟೆಲು ಅಂದುಕೊಳ್ಳುತ್ತಾರೆ. ಒಂದು ಸ್ಟಾರಿಗೆ ಬೇಲಿ ನನ್ನ ಸೊಂಟದ ಮೇಲೆ ಬರುತ್ತದೆ. ಮೇಲೆ ಹೋದ ಹಾಗೆ ಎತ್ತರ, ಅಗಲ, ಓಟ, ನೀರು, ಎಲ್ಲ ಹೆಚ್ಚು. ಐದು ಸ್ಟಾರಿನ ಪಂದ್ಯಗಳು ಇಡೀ ಜಗತ್ತಿನಲ್ಲಿ ಬೆರಳೆಣಿಕೆ. ನಾನು ಒಂದೇ ಬೆಳಿಗ್ಗೆ ತಟ್ಟುವಿನ ಎಡಕ್ಕೆ, ಬಲಕ್ಕೆ ಮತ್ತು ಮುಂದಕ್ಕೆ ಬಿದ್ದವನು. ಹಿಂದಕ್ಕೆ ಒಂದು ಬಾಕಿ ಇದೆ ಎಂದು ಗೌರಕ್ಕ ವರ್ಷಗಟ್ಟಲೆ ನೆನಪಿಸಿದಳು.

ಗೌರಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಅವಳ ಬಗ್ಗೆ ತಮಾಷೆ ಮಾಡುವುದು ಕಷ್ಟ. ಮಾತು ಕಡಿಮೆ ಇರುವವರನ್ನು ಅನುಕರಿಸಲು ನಮ್ಮಂಥವರಿಗೆ ಏನೂ ಸಿಗುವುದಿಲ್ಲ. ಅವಳು ಕುದುರೆ ಮೇಲಿದ್ದಾಗ ಕೆಂಚಿಯ ಕಿವಿ ಅಲ್ಲಾಡುವುದನ್ನು ನೋಡಿಯೇ ಅವಳು ಏನೋ ಹೇಳಿದಳು ಎಂದು ತಿಳಿಯಬೇಕು. ಅಪ್ಪ ಮಗಳಿಗೆ ಇದ್ದ ಆಸೆ ಒಂದೇ, ಎರಡು ಸ್ಟಾರಿನ ಪಂದ್ಯದಲ್ಲಿ ಒಮ್ಮೆ ಓಡಬೇಕು. ಅದಕ್ಕೆ ದುಡ್ಡಿದ್ದರೆ ಸಾಲದು, ಧೈರ್ಯವಿದ್ದರೂ ಸಾಲದು. ಕೆಳಗಿನ ಮಟ್ಟದಲ್ಲಿ ಒಂದು ಪಂದ್ಯವನ್ನಾದರೂ ಸರಿಯಾಗಿ ಮುಗಿಸಿದ ದಾಖಲೆ ಬೇಕು. ಡ್ರೆಸಾಜಿನಲ್ಲಿ ಇಷ್ಟಕ್ಕಿಂತ ಹೆಚ್ಚು ತಪ್ಪಿರಬಾರದು, ಕಂಬ ನಾಲ್ಕಕ್ಕಿಂತ ಹೆಚ್ಚು ಉರುಳಬಾರದು, ಮತ್ತು ಕ್ರಾಸ್ ಕಂಟ್ರಿಯಲ್ಲಿ ಒಂದು ಬೇಲಿಗೂ ಕುದುರೆ ನಿಂತಿರಬಾರದು. ಒಂದು ಸಲವೂ. "ಇದು ಜಂಬಕ್ಕ ಮಾಡಿದ್ದಲ್ಲಲೇ" ಎನ್ನುತ್ತಿದ್ದ ದೊಡ್ಡಪ್ಪ, "ಸಣ್ಣದಕ್ಕ ಹೆದರೂ ಕುದುರೀನ ದೊಡ್ಡದಕ್ಕ ಒಯ್ದ್ರ ಯಾರಾರ ಒಬ್ರು ಮಣ್ಣಾಗ ಹೋಗ್ತಾರ. ಕುದುರಿಯಾರ, ಸವಾರಾರ."

ಗೌರಕ್ಕ ಎರಡು ಸಲ ಪ್ರಯತ್ನಿಸಿದ್ದಳು. ಎರಡು ಸಲವೂ ಇಪ್ಪತ್ತು. ಎರಡು ಸಲವೂ ನೀರು.

ಕೆಂಚಿ ಮರದ ದಿಮ್ಮಿಗೆ ಹೆದರುವುದಿಲ್ಲ, ಗುಂಡಿಗೆ ಹೆದರುವುದಿಲ್ಲ, ದೊಡ್ಡಮ್ಮನಿಗೂ ಹೆದರುವುದಿಲ್ಲ. ನೀರು ಕಂಡರೆ ಮಾತ್ರ ನಾಲ್ಕು ಕಾಲೂ ನೆಲಕ್ಕೆ ಬೇರು ಬಿಡುತ್ತಿದ್ದವು. ರೇಸಿನ ಮೈದಾನದಲ್ಲಿ ಬೆಳೆದ ಕುದುರೆಗೆ ಮೊಣಕಾಲು ಮಟ್ಟದ ನೀರೂ ತಳವಿಲ್ಲದ್ದೇ. ಸೈನ್ಯದಲ್ಲಿ ಇದಕ್ಕೆ ಬೇರೆ ಕ್ರಮ ಇತ್ತಂತೆ, ಮುಂದೊಂದು ಧೈರ್ಯದ ಕುದುರೆ ಬಿಟ್ಟು ಹಿಂದೆ ಇದನ್ನು ಕಳಿಸುವುದು. ಇಲ್ಲಿ ಮುಂದೆ ಬಿಡಲು ಇದ್ದದ್ದು ಎರಡು ತಟ್ಟು. ಅವೂ ನೀರು ಕಂಡರೆ ಕೆಂಚಿಯ ಹಿಂದೆ ಅಡಗುತ್ತಿದ್ದವು. ಹಾಗಾಗಿ ದೊಡ್ಡಪ್ಪ ನಮ್ಮೂರಿನ ಕ್ರಮ ಹಿಡಿದ. ಎತ್ತು ಹಳ್ಳ ದಾಟದಿದ್ದರೆ ನಮ್ಮವರು ಏನು ಮಾಡುತ್ತಾರೆ? ಯಜಮಾನ ಮೊದಲು ತಾನು ದಾಟುತ್ತಾನೆ. ಆಚೆ ನಿಂತು ಕರೆಯುತ್ತಾನೆ.

ನಮ್ಮ ಬಾಳೆತೋಟದ ಪಕ್ಕದ ಹಳ್ಳದಲ್ಲಿ ಕಾಲುವೆಯ ಬಸಿನೀರು ವರ್ಷವಿಡೀ ಇರುತ್ತದೆ. ದೊಡ್ಡಪ್ಪ ಧೋತರ ಎತ್ತಿ ಕಟ್ಟಿ ಆಚೆ ದಡಕ್ಕೆ ಹೋಗಿ ನಿಲ್ಲುತ್ತಿದ್ದ. ಒಂದು ಕೆಮ್ಮು. ನಾಲಿಗೆಯಿಂದ ಎರಡು ಸಲ ಟಕ್ ಟಕ್. ಆಮೇಲೆ, "ಬಾರವ್ವಾ ಕೆಂಚೀ, ಬಾ. ಕಾಲು ತೊಯ್ತಾವ ಅಷ್ಟ, ಸಾಯಂಗಿಲ್ಲ." ಕೆಂಚಿ ಅವನ ಮುಖ ನೋಡುತ್ತಲೇ ನೀರಿಗಿಳಿಯುತ್ತಿದ್ದಳು. ದಾಟಿ ಬಂದು ಅವನ ಬಾಯಿ ಮೂಸುತ್ತಿದ್ದಳು.

ಆಚೆಯಿಂದ ಕರೆಯುವುದು ಪಂದ್ಯದಲ್ಲಿ ನಡೆಯುವುದಿಲ್ಲ. ಕಾನೂನು ಬಲು ಸ್ಪಷ್ಟ: ಬೇಲಿಯ ಹತ್ತಿರ ಯಾರೂ ನಿಂತು ಯಾವ ರೀತಿಯಲ್ಲೂ ಕುದುರೆಗೆ ಹುರುಪು ಕೊಡಕೂಡದು. ಸವಾರ ಕೇಳಿಕೊಂಡಿರಲಿ, ಕೇಳದಿರಲಿ, ಅದು ಹೊರಗಿನ ಸಹಾಯ. ಜಡ್ಜುಗಳು ಮನಸ್ಸು ಮಾಡಿದರೆ ಎಲಿಮಿನೇಟ್. ಇದನ್ನು ನಮಗೆ ಕಲಿಸಿದವನೇ ದೊಡ್ಡಪ್ಪ. "ಮೊದಲು ನೀರಿನ ಅಂಜಿಕಿ ಹೋಗ್ಲಿ, ಆಮ್ಯಾಲ ನನ್ನ ದನಿ ಬಿಡಿಸ್ತೀನಿ. ಅವಸರ ಏನೈತಿ?" ಎನ್ನುತ್ತಿದ್ದ.

ದೀಪಾವಳಿ ಕಳೆದು ಎರಡನೇ ವಾರ, ಮೇವು ಕತ್ತರಿಸುವ ಯಂತ್ರದ ಪಕ್ಕ ಕಲ್ಲಿನ ಮೇಲೆ ಕುಳಿತವನು ಹಾಗೇ ಕುಳಿತಿದ್ದ. ದೊಡ್ಡಮ್ಮ ಚಹಾ ತಂದಿಟ್ಟು ಎರಡು ಮಾತು ಬೈದ ಮೇಲೆ ಗೊತ್ತಾಯಿತು.

ಅವನು ಬದುಕಿದ್ದಾಗ ಅವನ ಎದುರೇ ಅವನ ದನಿ ಮಾಡುತ್ತಿದ್ದೆ. ಎಲ್ಲರಿಗೂ ನಗು. ಅವನು ಮಾತ್ರ, "ಲೇ, ನಾ ಎಲ್ಲಿ ಹಂಗ ಕೆಮ್ಮತೀನಿ?" ಎಂದು ಕೇಳಿ, ಕೇಳುವಾಗಲೇ ಕೆಮ್ಮುತ್ತಿದ್ದ. ನಮ್ಮ ಕಸುಬಿನ ಗುಟ್ಟು ಅದೇ. ಮಾತಿಗಿಂತ ಮುಂಚೆ ಗಂಟಲು ಏನು ಮಾಡುತ್ತದೆ ಎಂಬುದನ್ನು ಹಿಡಿದರೆ ಮನುಷ್ಯ ಪೂರ್ತಿ ಸಿಕ್ಕ ಹಾಗೆ. ಶಿವಗಣಾರಾಧನೆ ಮುಗಿದ ದಿನ ಬಂದ ನೆಂಟರಲ್ಲಿ ಯಾರೋ, "ಕೊಟ್ರ್ಯಾ, ಒಂದ್ಸಲ ನಿಮ್ಮ ದೊಡ್ಡಪ್ಪನ ದನಿ ತಗಿಯೋ" ಅಂದರು. ಕೈ ತೊಳೆಯುವ ನೆಪ ಮಾಡಿ ಎದ್ದು ಹೋದೆ.

ಶಿವರಾತ್ರಿಯ ಹಿಂದಿನ ವಾರ ಸಂಡೂರಿನ ಗುಡ್ಡದ ಬುಡದ ಮೈದಾನದಲ್ಲಿ ಒಂದು ಸ್ಟಾರ್ ಮಟ್ಟದ ಪಂದ್ಯ ಇದೆ ಎಂದು ಎರಡು ತಿಂಗಳ ಮುಂಚೆಯೇ ಗೊತ್ತಾಯಿತು. ಕೆಂಚಿಗೆ ಹದಿನೈದು ದಾಟಿತ್ತು. ಮುಂದಿನ ವರ್ಷಕ್ಕೆ ಮೊಣಕಾಲು ತಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಬೇರೆ ಕುದುರೆ ಇರಲಿಲ್ಲ. ಈ ಸಲ ನೀರಿಗೆ ನಿಲ್ಲದಿದ್ದರೆ ಎರಡು ಸ್ಟಾರಿನ ಬಾಗಿಲು ತೆರೆಯುತ್ತದೆ, ನಿಂತರೆ ಅಲ್ಲಿಗೆ ಮುಗಿಯಿತು.

ಗೌರಕ್ಕ ಹಳ್ಳಕ್ಕೆ ಹೋದಳು. ನಾನು ಬೇಲಿ ಕಟ್ಟಲು, ಬಾವುಟ ನೆಡಲು ಜೊತೆಗೆ. ಕೆಂಚಿ ಅಂಚಿಗೆ ಬಂದು ನಿಂತಳು. ಆಚೆ ದಡ ನೋಡಿದಳು. ಗೌರಕ್ಕ ಮೇಲಿಂದಲೇ ಅವಳ ಪಕ್ಕೆಗೆ ಕಾಲೊತ್ತಿದಳು, ಮೈ ಸವರಿದಳು, ಸುತ್ತು ಹಾಕಿ ಮತ್ತೆ ತಂದಳು. ಕೆಂಚಿ ಕಿವಿ ನಿಮಿರಿಸಿ ಕಾಯುತ್ತಲೇ ಇದ್ದಳು. ನಾಲ್ಕು ದಿನ ಇದೇ. ಐದನೇ ದಿನ ನಾನು ಬಿಳಿ ಬಾವುಟ ನೆಡಲು ಆಚೆ ದಡದಲ್ಲಿದ್ದೆ. ಯಾಕೆ ಮಾಡಿದೆ ಎಂದು ಕೇಳಬೇಡಿ, ನಾನು ಯಾವುದನ್ನು ಯೋಚಿಸಿ ಮಾಡಿದ್ದೇನೆ? ಕೆಮ್ಮಿದೆ. ಟಕ್ ಟಕ್. "ಬಾರವ್ವಾ ಕೆಂಚೀ, ಬಾ."

ಕೆಂಚಿ ನೀರು ಸಿಡಿಸುತ್ತ ಬಂದುಬಿಟ್ಟಳು. ಬಂದು ನನ್ನ ಬಾಯಿ ಮೂಸಿದಳು. ಎರಡು ಸಲ ಮೂಸಿದಳು. ಆಮೇಲೆ ತಲೆ ತಿರುಗಿಸಿ ನನ್ನ ಬೆನ್ನ ಹಿಂದೆ ನೋಡಿದಳು.

ಗೌರಕ್ಕ ಮೇಲಿಂದ ಇಳಿಯಲಿಲ್ಲ. ಮುಖ ಬಾಳೆಗಿಡಗಳ ಕಡೆ. ಬೈಗುಳಕ್ಕೆ ತಯಾರಾಗಿ ನಿಂತೆ. "ಇನ್ನೊಂದ್ಸಲ ಮಾಡು" ಅಂದಳು.

"ಕೆಂಚಿಗೇನಕ್ಕ?"

"ಕೆಂಚಿಗೆ."

ಅವತ್ತಿನಿಂದ ನಾವು ದೊಡ್ಡಪ್ಪ ಬಿಟ್ಟುಹೋದ ಕೆಲಸ ಹಿಡಿದೆವು: ಅವನ ದನಿಯನ್ನು ಬಿಡಿಸುವುದು. ನಾನು ದಿನಾ ಸ್ವಲ್ಪ ಸ್ವಲ್ಪ ಹಿಂದಕ್ಕೆ ಸರಿಯಬೇಕು, ಕರೆಯುವುದನ್ನು ಒಂದೊಂದೇ ಮಾತು ಕಡಿಮೆ ಮಾಡಬೇಕು. ಮೊದಲ ವಾರ ದಡದಲ್ಲಿ, ಆಮೇಲೆ ಬಾಳೆಯ ಮೊದಲ ಸಾಲಿನಲ್ಲಿ, ಆಮೇಲೆ ಬದುವಿನ ಮೇಲೆ. "ಸಾಯಂಗಿಲ್ಲ" ಎಂಬುದನ್ನು ಮೊದಲು ಬಿಟ್ಟೆ, ನನಗೆ ಹೇಳಲಾಗುತ್ತಿರಲಿಲ್ಲ. ಆಮೇಲೆ "ಕಾಲು ತೊಯ್ತಾವ" ಹೋಯಿತು. ಆಮೇಲೆ "ಬಾರವ್ವಾ". ದೊಡ್ಡಪ್ಪ ಹೀಗೆ ದಿನಾ ನಮ್ಮಿಂದ ಒಂದು ಮಾತು ದೂರ ಹೋದ. ಪಂಪ್‌ಸೆಟ್ ಮನೆಯ ಹತ್ತಿರ ಮುಟ್ಟುವ ಹೊತ್ತಿಗೆ ಉಳಿದದ್ದು ಕೆಮ್ಮು ಒಂದೇ. ಅಲ್ಲಿಂದ ಕೆಮ್ಮಿದರೂ ಕೆಂಚಿ ದಾಟುತ್ತಿದ್ದಳು.

ಇನ್ನು ಆ ಕೆಮ್ಮನ್ನೂ ನಿಲ್ಲಿಸಬೇಕಿತ್ತು. ಪಂದ್ಯಕ್ಕೆ ಹನ್ನೆರಡು ದಿನ ಇತ್ತು, ಬೇಕಾದಷ್ಟಾಯಿತು.

"ಅಕ್ಕ, ಇವತ್ತು ಸುಮ್ನ ಇರ್ಲಾ?"

"ನಾಳಿ ನೋಡೂಣು. ಇವತ್ತು ಗಾಳಿ ಐತಿ."

ಮರುದಿನ ಗಾಳಿ ಇರಲಿಲ್ಲ, ಕೆಂಚಿಯ ಮೂಡು ಸರಿ ಇರಲಿಲ್ಲ. ಅದರ ಮರುದಿನ ಗೌರಕ್ಕನಿಗೆ ತಲೆನೋವು. ಒಂದು ದಿನ ನಾನೇ, "ನಾಳಿ ಮಾಡೂಣಕ್ಕ" ಅಂದೆ. ಅವಳು ಯಾಕೆ ಎಂದು ಕೇಳಲಿಲ್ಲ. ಕೆಂಚಿಯನ್ನು ಮೂರು ಮೂರು ಸಲ ದಾಟಿಸುತ್ತಿದ್ದಳು, ಒಂದು ಸಾಕಾಗಿದ್ದರೂ. ನಾನು ಕೆಮ್ಮುವಾಗ ಅವಳ ಕಣ್ಣು ಮುಚ್ಚಿರುತ್ತಿದ್ದುದನ್ನು ಪಂಪ್‌ಸೆಟ್ ಮನೆಯಿಂದಲೂ ನೋಡಬಹುದಿತ್ತು. ಹನ್ನೆರಡು ದಿನ ಹೀಗೇ ಮುಗಿದವು.

ಸಂಡೂರಿನಲ್ಲಿ ಮೊದಲ ದಿನ ಚೆನ್ನಾಗಿ ಹೋಯಿತು. ಕೆಂಚಿ ಡ್ರೆಸಾಜಿನಲ್ಲಿ ಮುತ್ತೈದೆಯ ಹಾಗೆ ನಡೆದಳು. ನಾನು ಲಾರಿಯ ಹತ್ತಿರ ನಿಂತು ಜಡ್ಜಮ್ಮ ಕನ್ನಡಕ ಸರಿಸಿ ಮೂಗೆಳೆಯುವುದನ್ನು ಮಾಡಿ ತೋರಿಸಿದೆ. ಗೌರಕ್ಕ ಅಪ್ಪ ಹೋದ ಮೇಲೆ ಮೊದಲ ಸಲ ನಕ್ಕಳು.

ಎರಡನೇ ದಿನ ಕ್ರಾಸ್ ಕಂಟ್ರಿ. ನೀರು ಹನ್ನೊಂದನೇ ಬೇಲಿ. ಪ್ರತಿ ಬೇಲಿಗೆ ಒಬ್ಬ ಜಡ್ಜ್ ಕುರ್ಚಿ ಹಾಕಿಕೊಂಡು, ಕುದುರೆ ನಿಂತಿತೋ ದಾಟಿತೋ ಎಂದು ಚೀಟಿಯಲ್ಲಿ ಗುರುತು ಹಾಕುತ್ತಾರೆ. ನೀರಿನ ಹತ್ತಿರ ಕೂತಿದ್ದವರು ಕಂಪ್ಲಿಯ ಖಾದರ್ ಸಾಹೇಬರು. ಸೈನ್ಯದಲ್ಲಿ ದೊಡ್ಡಪ್ಪನ ಜೊತೆ ಇದ್ದು ಕುದುರೆಗಳಿಗೆ ಲಾಳ ಕಟ್ಟುತ್ತಿದ್ದವರು. ದೊಡ್ಡಪ್ಪನ ಮಣ್ಣಿಗೆ ಬಂದಾಗ ಗುಂಡಿಯ ಪಕ್ಕ ಸೆಲ್ಯೂಟ್ ಹೊಡೆದು ನಿಂತವರು ಅವರೊಬ್ಬರೇ.

"ನೀ ಲಾರಿ ಬಿಟ್ಟು ಅಲುಗಾಡಬ್ಯಾಡ. ನೀರಿನ ಕಡೆ ಸುಳೀಬ್ಯಾಡ" ಎಂದು ಗೌರಕ್ಕ ಬೆಳಿಗ್ಗೆಯೇ ಹೇಳಿದ್ದಳು. ಹ್ಞೂಂ ಅಂದಿದ್ದೆ. ಅವಳು ಲಾರಿಯಿಂದ ಹೊರಟ ಐದು ನಿಮಿಷಕ್ಕೆ ನೀರಿನ ಆಚೆ ಹಗ್ಗದ ಹಿಂದೆ ನಿಂತಿದ್ದೆ. ನೋಡುವುದಕ್ಕೆ ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ಯಾರ ದನಿಯಲ್ಲಿ ಹೇಳಿಕೊಂಡೆನೋ ನೆನಪಿಲ್ಲ.

ಕೆಂಚಿ ದಿಬ್ಬ ಇಳಿದು ಬಂದಳು, ಹತ್ತು ಬೇಲಿ ಚೊಕ್ಕವಾಗಿ ಮುಗಿಸಿ. ನೀರು ಕಂಡಳು. ಓಟ ಕುಕ್ಕುಲೋಟಕ್ಕೆ ಇಳಿಯಿತು. ಕಿವಿ ಎರಡೂ ಆಚೆ ದಡಕ್ಕೆ. ಗೌರಕ್ಕ ಕಾಲೊತ್ತಿದಳು. ಇನ್ನು ನಾಲ್ಕು ಹೆಜ್ಜೆ. ಮೂರು. ಕೆಂಚಿಯ ಭುಜ ಬಿಗಿಯುವುದು ಕಾಣಿಸಿತು. ಅದು ಬಿಗಿದರೆ ಮುಂದೆ ಏನಾಗುತ್ತದೆ ಎಂದು ನನಗೆ ಗೊತ್ತು.

ಕೆಮ್ಮಿದೆ.

ಅಷ್ಟರಲ್ಲೇ ನಿಲ್ಲಿಸಬಹುದಿತ್ತು. ಜಾತ್ರೆಯಷ್ಟು ಜನ, ಯಾರಾದರೂ ಕೆಮ್ಮುತ್ತಾರೆ. ಆದರೆ ತಿಂಗಳುಗಟ್ಟಲೆ ಕಡಿಮೆ ಮಾಡಿದ ಮಾತುಗಳೆಲ್ಲ ಒಟ್ಟಿಗೆ ಬಂದವು. ಟಕ್ ಟಕ್. "ಬಾರವ್ವಾ ಕೆಂಚೀ, ಬಾ. ಕಾಲು ತೊಯ್ತಾವ ಅಷ್ಟ, ಸಾಯಂಗಿಲ್ಲ."

ಕೆಂಚಿ ನೀರಿಗೆ ಹಾರಿದಳು. ಆಚೆ ಬಂದು, ಬಾವುಟ ದಾಟಿ, ಹಗ್ಗದ ಕಡೆ ತಲೆ ತಿರುಗಿಸಿ ಹುಡುಕಿದಳು. ಗೌರಕ್ಕ ನನ್ನ ಕಡೆ ನೋಡದೆ ಅವಳನ್ನು ಎಳೆದುಕೊಂಡು ಮುಂದಿನ ಬೇಲಿಗೆ ಓಡಿಸಿದಳು. ಖಾದರ್ ಸಾಹೇಬರು ಕುರ್ಚಿಯಿಂದ ಎದ್ದು ನಿಂತಿದ್ದರು. ಅವರು ನೋಡುತ್ತಿದ್ದದ್ದು ಕುದುರೆಯನ್ನಲ್ಲ. ಪೆನ್ಸಿಲು ನೆಲದಲ್ಲಿತ್ತು.

ಉಳಿದ ಬೇಲಿಗಳೂ ಚೊಕ್ಕ. ಹೊತ್ತಿನೊಳಗೆ ಮುಗಿಸಿದ್ದಳು. ನಾನು ಲಾರಿಯ ಹತ್ತಿರ ಕುಣಿಯುತ್ತಿದ್ದೆ. ಗೌರಕ್ಕ ಜೀನು ಇಳಿಸಿ ಕೆಂಚಿಯ ಮೈಗೆ ನೀರು ಸುರಿಯುತ್ತಿದ್ದಳು. ಅಷ್ಟು ಹೊತ್ತಿಗೆ ಖಾದರ್ ಸಾಹೇಬರು ಚೀಟಿ ಹಿಡಿದು ಬಂದರು. ಕೆಂಚಿಯ ಕಾಲು ಎತ್ತಿ ಲಾಳ ನೋಡಿದರು. ಕೆಳಗಿಟ್ಟರು.

"ಚೀಟಿ ನಾಕು ಗಂಟೆಗೆ ತಗೊಂಡು ಹೋಗ್ತಾರ, ಬೇಟಿ. ಹೊರಗಿನ ಸಹಾಯ ಅಂತ ಒಂದು ಕಾಲಂ ಐತಿ. ಖಾಲಿ ಬಿಟ್ಟೀನಿ." ನನ್ನ ಕಡೆ ನೋಡಲಿಲ್ಲ. "ನನಗ ಕೇಳಿದ್ದು ಪಂಪಣ್ಣನ ದನಿ. ಸತ್ತವರ ಹೆಸರು ಬರಿಯಾಕ ಅದರಾಗ ಜಾಗ ಇಲ್ಲ. ನೀ ಹೆಂಗ ಹೇಳ್ತೀ ಹಂಗ."

"ಯಾರಿಗೂ ಗೊತ್ತಾಗಿಲ್ಲಕ್ಕ" ಅಂದೆ. "ಕಾಕಾರಿಗೆ ಬಿಟ್ರ ಯಾರಿಗೂ ಇಲ್ಲ. ದೊಡ್ಡಪ್ಪನ ಆಸೆ ಅದು. ನಾಳೆ ನಾಕು ಕಂಬ ಬಿದ್ರೂ ನಡೀತದ."

ಗೌರಕ್ಕ ಬಕೆಟ್ ಕೆಳಗಿಟ್ಟಳು. ಅವಳು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಇಲ್ಲ.

"ಎರಡು ಸ್ಟಾರಿನಾಗ ನೀರು ಇದಕ್ಕಿಂತ ದೊಡ್ಡದು ಬರ್ತದ. ಇಳಿಯೂ ಕಡೆ ದಿಮ್ಮಿ ಇರ್ತದ, ಹಾರಿ ಬೀಳಬೇಕು. ಅಲ್ಲಿ ಕೆಂಚಿ ಅರ್ಧಕ್ಕ ನಿಂತು ಕಿವಿ ಕೊಟ್ರ? ನೀ ನನ್ನ ಹಿಂದ ಸಾಯೂತನ ಕೆಮ್ಮಿಕೋತ ತಿರುಗ್ತೀ? ಅಪ್ಪ ಇದ್ದಿದ್ರ ಹಿಂಗ ಹೆದರೂ ಕುದುರೀನ ಅಲ್ಲಿಗೆ ಒಯ್ತಿದ್ದನೇನು?" ಕೆಂಚಿಯ ಕತ್ತು ಸವರಿ, "ನಿಂದಲ್ಲ ತಪ್ಪು. ದಿನಾ ನಾಳಿ ಅಂದಾಕಿ ನಾನು" ಅಂದಳು. ಆಮೇಲೆ ಖಾದರ್ ಸಾಹೇಬರಿಗೆ, "ಬರೀರಿ, ಕಾಕಾ."

ಅವರು ಲಾರಿಯ ಬಾನೆಟ್ ಮೇಲೆ ಚೀಟಿ ಇಟ್ಟು ಬರೆದರು. ಬಹಳ ಹೊತ್ತು ಬರೆದರು, ಒಂದೇ ಸಾಲನ್ನು. ನಾಲ್ಕೂವರೆಗೆ ಜಡ್ಜುಗಳು ಅವಳನ್ನು ಕರೆದು ಕೇಳಿದರು. ಐದಕ್ಕೆ ಬೋರ್ಡಿನ ಮೇಲೆ ಅವಳ ಹೆಸರಿನ ಮುಂದೆ ಇಂಗ್ಲಿಷಿನ ಇ ಅಕ್ಷರ ಬಂತು. ಎಲಿಮಿನೇಟ್ ಆದವರು ಮೂರನೇ ದಿನ ನಿಲ್ಲುವ ಹಾಗಿಲ್ಲ. ಕೆಂಚಿಯನ್ನು ಲಾರಿ ಹತ್ತಿಸುವಾಗ ಖಾದರ್ ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟರು. ಏನೋ ಕೇಳಬೇಕೆಂದು ಅವರ ಬಾಯಿಗೆ ಬಂದಿತ್ತು. ಏನೆಂದು ನನಗೆ ಗೊತ್ತಿತ್ತು. ಅವರು ಕೇಳಲಿಲ್ಲ, ಹೆಗಲು ತಟ್ಟಿ ಹೋದರು.

ಆಗಲೇ ಹೇಳಿದ ಇನ್ನೊಂದು ತೊಂದರೆ ಇದು: ಅವತ್ತಿನಿಂದ ನನ್ನ ಪಟ್ಟಿಯಲ್ಲಿ ಆ ದನಿ ಇಲ್ಲ. ಬರುವುದಿಲ್ಲವೆಂದಲ್ಲ. ಗಂಟಲು ಸರಿಮಾಡಿಕೊಳ್ಳುವಾಗೆಲ್ಲ ಅದೇ ಮೊದಲು ಬಂದು ನಿಲ್ಲುತ್ತದೆ.

ಮರುದಿನ ಬೆಳಿಗ್ಗೆ ಅಲ್ಲಿ ಬೇರೆಯವರು ಕಂಬ ಹಾರುವ ಹೊತ್ತಿಗೆ, ಗೌರಕ್ಕ ಇಲ್ಲಿ ನಮ್ಮ ಹಳ್ಳದ ಹತ್ತಿರ ಕೆಂಚಿಗೆ ಜೀನು ಬಿಗಿದಳು. "ಬಾ. ಆಚೆ ದಡದಾಗ ನಿಂದ್ರು. ಬಾಯಿ ತೆರೀಬ್ಯಾಡ" ಅಂದಳು. ಪಂದ್ಯವಿಲ್ಲ, ಬಾವುಟವಿಲ್ಲ. ಇನ್ನು ಯಾತಕ್ಕೆ ಎಂದು ಕೇಳುವಷ್ಟು ದಡ್ಡ ನಾನೂ ಅಲ್ಲ.

ದೊಡ್ಡಪ್ಪ ನಿಲ್ಲುತ್ತಿದ್ದಲ್ಲೇ ನಿಂತೆ. ಕೆಂಚಿ ಅಂಚಿಗೆ ಬಂದು ನಿಂತಳು. ಕಿವಿ ನನ್ನ ಕಡೆ. ಗೌರಕ್ಕ ಕಾಲೊತ್ತಲಿಲ್ಲ, ಲಗಾಮು ಮುಟ್ಟಲಿಲ್ಲ, ಸುಮ್ಮನೆ ಕೂತಳು. ನಾನು ಹಲ್ಲು ಕಚ್ಚಿ ನಿಂತೆ. ಕಡ್ಡಿರಾಂಪುರದ ಕಡೆ ಒಂದು ಆಟೋ ಹೋಯಿತು. ಕರೆಂಟು ಬಂದು ಪಂಪ್‌ಸೆಟ್ ಶುರುವಾಯಿತು. ಯಾರದೋ ಎಮ್ಮೆ ಹಳ್ಳದ ಕೆಳಗೆ ನೀರು ಕುಡಿದು ಹೋಯಿತು. ಕೆಂಚಿ ಕೇಳುತ್ತಲೇ ಇದ್ದಳು. ಮೂವರೂ ಕೇಳುತ್ತಿದ್ದೆವು.

ಯಾರೂ ಕರೆಯಲಿಲ್ಲ.

ಅವಳ ಒಂದು ಕಿವಿ ಹಿಂದಕ್ಕೆ ತಿರುಗಿತು, ಗೌರಕ್ಕನ ಕಡೆಗೆ. ಆಮೇಲೆ ಮುಂಗಾಲು ನೀರಿಗೆ ಇಟ್ಟಳು. ಇನ್ನೊಂದನ್ನು ಇಟ್ಟಳು. ಓಡದೆ, ನೀರು ಸಿಡಿಸದೆ, ಒಂದೊಂದೇ ಹೆಜ್ಜೆ ನೋಡಿ ಇಡುತ್ತ ದಾಟಿದಳು. ದಡ ಹತ್ತಿ ಬಂದು ನನ್ನ ಮುಚ್ಚಿದ ಬಾಯಿಯನ್ನು ಮೂಸಿದಳು, ಒಂದೇ ಸಲ. ಈ ಸಲ ನನ್ನ ಬೆನ್ನ ಹಿಂದೆ ನೋಡಲಿಲ್ಲ. ತಲೆ ತಗ್ಗಿಸಿ ದಡದ ಹುಲ್ಲು ಮೇಯತೊಡಗಿದಳು. ಗೌರಕ್ಕ ಲಗಾಮು ಸಡಿಲ ಬಿಟ್ಟು, ಅವಳು ಮೇಯುವಷ್ಟು ಹೊತ್ತೂ ಹಾಗೇ ಕೂತಿದ್ದಳು.